ಯಾವ್ ಜನ ಅಂತ ಕೇಳ್ಲಿಲ್ವಾ ಸಾರ್?

ಜೂನ್ ಬಂತೆಂದರೆ ಪತ್ರಿಕೆಗಳ ಪುರವಣಿಯಲ್ಲಿ ಒಂದು ಬರಹ ತಪ್ಪದೆ ಕಾಣಿಸಿಕೊಳ್ಳುತ್ತದೆ. ಬರೆದವಳು ಬೆಂಗಳೂರಿನ ಹದಿನಾರು ವರ್ಷದ ಹುಡುಗಿ. ವಿದ್ಯಾರ್ಥಿ ವಿನಿಮಯ ಕಾರ್ಯಕ್ರಮದಲ್ಲಿ ಜರ್ಮನಿಗೋ ಡೆನ್ಮಾರ್ಕಿಗೋ ಅಮೆರಿಕದ ಒಂದು ಸಣ್ಣ ಊರಿಗೋ ಹೋಗಿ ಬಂದಿರುತ್ತಾಳೆ. ಮಂಜಿನಲ್ಲಿ ನಿಂತು ಎರಡು ಬೆರಳು ಎತ್ತಿದ ಫೋಟೊ ಇರುತ್ತದೆ. ಕೆಳಗೆ ಅವಳು ಕಲಿತದ್ದರ ವರದಿ: ಉಂಡ ತಟ್ಟೆ ತಾನೇ ತೊಳೆದಳು, ಬಟ್ಟೆ ತಾನೇ ಒಗೆದಳು, ಒಬ್ಬಳೇ ಬಸ್ಸು ಹತ್ತಿ ಶಾಲೆಗೆ ಹೋದಳು, ಅರ್ಥವಾಗದ ಭಾಷೆಯವರ ನಡುವೆ ಕೂತು ಉಂಡಳು, ರಾತ್ರಿ ಅಮ್ಮನ ಸಾರು ನೆನಪಾಗಿ ಅತ್ತಳು. ಕೊನೆಯ ಸಾಲಿಗೆ ಬರುವಷ್ಟರಲ್ಲಿ ಅವಳು ಜಗತ್ತಿನ ಪ್ರಜೆಯಾಗಿರುತ್ತಾಳೆ.

ಆ ಹುಡುಗಿಯ ಮೇಲೆ ನನಗೆ ಸಿಟ್ಟಿಲ್ಲ. ಅವಳು ಅತ್ತದ್ದೂ ನಿಜ, ಕಲಿತದ್ದೂ ನಿಜ. ಆ ವಯಸ್ಸಿನಲ್ಲಿ ಊರು ಬಿಟ್ಟು ಹೋಗುವುದು ಯಾರಿಗೂ ಸಲೀಸಲ್ಲ. ನನ್ನ ಸಿಟ್ಟು ಅವಳು ತಟ್ಟೆ ತೊಳೆದದ್ದಕ್ಕೆ ಅರ್ಧ ಪುಟ ಕೊಡುವವರ ಮೇಲೆ, ಅದನ್ನು ನಾಯಕತ್ವದ ಗುಣ ಎಂದು ಸರ್ಟಿಫಿಕೇಟು ಬರೆದುಕೊಡುವವರ ಮೇಲೆ, ಆ ಸರ್ಟಿಫಿಕೇಟು ನೋಡಿ ಮುಂದಿನ ಕಾಲೇಜಿನ ಬಾಗಿಲು ತೆಗೆಯುವವರ ಮೇಲೆ.

ನಮ್ಮ ಬುಕ್ಕಾಪಟ್ಟಣದ ಕಡೆ ಬನ್ನಿ. ಶಿರಾ ತಾಲ್ಲೂಕಿನ ಒಂದು ಹೋಬಳಿ. ಹೊರಗಿನವರ ಕಿವಿಗೆ ಈ ಹೆಸರು ಬಿದ್ದದ್ದು 2019ರಲ್ಲಿ, ಸರ್ಕಾರ ಇಲ್ಲಿನ ಕುರುಚಲು ಕಾಡನ್ನು ಚಿಂಕಾರ ವನ್ಯಜೀವಿ ಧಾಮ ಎಂದು ಘೋಷಿಸಿದಾಗ. 136 ಚದರ ಕಿಲೋಮೀಟರು. ಒಳ್ಳೆಯದೇ ಆಯಿತು, ಚಿಂಕಾರಗಳೂ ಬದುಕಬೇಕು. ಉದ್ದ ಲೆನ್ಸಿನ ಕ್ಯಾಮೆರಾ ಹೊತ್ತು ಬರುವವರು ಅದರ ಕಣ್ಣು, ಕೋಡು ಹಿಡಿದುಕೊಂಡು ಹೋಗುತ್ತಾರೆ. ಅದೇ ರಸ್ತೆಯಲ್ಲಿ ಟ್ರಂಕು ಹೊತ್ತು ಹಾಸ್ಟೆಲಿಗೆ ಹೊರಟ ಮಗು ಅವರ ಫ್ರೇಮಿಗೆ ಬರುವುದಿಲ್ಲ.

ಆ ಟ್ರಂಕಿನಲ್ಲಿ ಏನಿರುತ್ತದೆ ಅಂತ ನನಗೆ ಗೊತ್ತು. ಒಂದು ತಟ್ಟೆ, ಒಂದು ಲೋಟ, ಎರಡು ಜೊತೆ ಬಟ್ಟೆ, ಸೋಪಿನ ಡಬ್ಬಿ, ದುಪ್ಪಟಿ, ಅವ್ವ ಹಳೇ ಪಂಚೆಯ ಚೂರಿನಲ್ಲಿ ಗಂಟು ಹಾಕಿಕೊಟ್ಟ ಹುರಿಗಾಳು. ಟ್ರಂಕಿಗೊಂದು ಬೀಗ, ಬೀಗದ ಕೈ ಕೊರಳಿನ ದಾರದಲ್ಲಿ. ಆರನೇ ತರಗತಿಗೆ ವಸತಿ ಶಾಲೆ ಸೇರುವ ಮಗುವಿಗೆ ಹನ್ನೊಂದು ವರ್ಷ. ಅವತ್ತಿನಿಂದಲೇ ಅದರ ತಟ್ಟೆ ಅದೇ ತೊಳೆಯಬೇಕು, ಅದರ ಬಟ್ಟೆ ಅದೇ ಒಗೆಯಬೇಕು. ಪಕ್ಕದಲ್ಲಿ ಹಾಸಿಕೊಂಡವಳು ಪಾವಗಡದ ಕಡೆಯವಳು, ನಿದ್ದೆಗಣ್ಣಿನಲ್ಲಿ ತೆಲುಗು ಮಾತಾಡುತ್ತಾಳೆ. ಆ ಕಡೆ ಮಲಗಿದವಳದು ತಾಂಡಾ, ಅವಳ ಮನೆಮಾತು ಲಂಬಾಣಿ. ಬಾಗಿಲ ಹತ್ತಿರದವಳು ಉರ್ದುವಿನಲ್ಲಿ ಅಳುತ್ತಾಳೆ. ನಾಲ್ಕು ಭಾಷೆ, ಆರೇಳು ಜಾತಿ, ಒಂದು ನಲ್ಲಿ. ವಾರಕ್ಕೊಮ್ಮೆ ಅಪ್ಪ ಬರುತ್ತಾನೆ ಅನ್ನುವುದು ಸುಳ್ಳು. ಅವನು ಬೆಂಗಳೂರಿನಲ್ಲಿ ಸೆಂಟ್ರಿಂಗ್ ಕೆಲಸದಲ್ಲಿದ್ದಾನೆ.

ಈ ಮಗು ಕಲಿತದ್ದಕ್ಕೆ ಯಾವ ಪುರವಣಿಯಲ್ಲೂ ಜಾಗವಿಲ್ಲ. ಇದು ಅನುಭವ ಅಲ್ಲವಂತೆ, ಕಷ್ಟವಂತೆ. ಒಂದೇ ತಟ್ಟೆ, ಒಂದೇ ಸೋಪು, ಒಂದೇ ಅಳು. ವಿಮಾನ ಹತ್ತಿ ಹೋಗಿ ಅತ್ತರೆ ವ್ಯಕ್ತಿತ್ವ ವಿಕಸನ, ಕೆಂಪು ಬಸ್ಸು ಹತ್ತಿ ಹೋಗಿ ಅತ್ತರೆ ಸಮಾಜ ಕಲ್ಯಾಣ.

ಹಾಸ್ಟೆಲಿನ ಮಕ್ಕಳಾದರೂ ಪುಣ್ಯವಂತರು. ಅವರಿಗಿಂತ ದೂರ ಹೋಗುವವರಿದ್ದಾರೆ. ಕುರಿ ಮಂದೆಯ ಹಿಂದೆ ತಿಂಗಳುಗಟ್ಟಲೆ ಜಿಲ್ಲೆ ಜಿಲ್ಲೆ ಅಲೆಯುವ ಹುಡುಗರು. ಯಾರದೋ ಹೊಲದಲ್ಲಿ ಮಂದೆ ನಿಲ್ಲಿಸಿ, ಆ ಊರಿನವರ ಮಾತು, ಬೈಗುಳ, ಮರ್ಜಿ ಎಲ್ಲ ಕಲಿತು, ಬೆಳಗ್ಗೆ ಎದ್ದು ಇನ್ನೊಂದು ಊರಿಗೆ ಹೋಗುವವರು. ಹುಣಸೆಹಣ್ಣು ಕುಟ್ಟಲು, ಅಡಿಕೆ ಸುಲಿಯಲು, ಕಡ್ಲೆಕಾಯಿ ಬಿಡಿಸಲು ಅವ್ವಂದಿರ ಜೊತೆ ಹೋಗಿ ಶಾಲೆಯ ಹಾಜರಿಯಲ್ಲಿ ಸೊನ್ನೆಯಾಗುವ ಹುಡುಗಿಯರು. ಬೆಂಗಳೂರಿನ ಬಿಲ್ಡಿಂಗಿನ ಬುಡದ ತಗಡಿನ ಶೆಡ್ಡಿನಲ್ಲಿ ಹತ್ತನೇ ತರಗತಿ ಮುಗಿಸಿದವರು. ಬೇರೆಯವರ ಊರಿನಲ್ಲಿ, ಬೇರೆಯವರ ನಿಯಮದಲ್ಲಿ ಬದುಕುವುದನ್ನು ಇವರಿಗಿಂತ ಚೆನ್ನಾಗಿ ಬಲ್ಲ ಹದಿಹರೆಯದವರು ಯಾವ ದೇಶದಲ್ಲಿದ್ದಾರೆ, ತೋರಿಸಿ.

ಈ ವಿನಿಮಯ ಅನ್ನುವುದು ಹುಟ್ಟಿದ ಕಥೆಯನ್ನು ಹೇಳಲೇಬೇಕು, ಏಕೆಂದರೆ ಅದು ಹುಟ್ಟುವಾಗ ಹೀಗಿರಲಿಲ್ಲ. ಎಎಫ್‌ಎಸ್ ಎನ್ನುವ ಸಂಸ್ಥೆ ಮೊದಲನೇ ಮಹಾಯುದ್ಧದಲ್ಲಿ, 1915ರಲ್ಲಿ, ಫ್ರಾನ್ಸಿನ ರಣರಂಗದಿಂದ ಗಾಯಾಳುಗಳನ್ನು ಸಾಗಿಸಿದ ಅಮೆರಿಕನ್ ಆಂಬುಲೆನ್ಸ್ ಚಾಲಕರ ಸಂಘ. ಎರಡನೇ ಯುದ್ಧವೂ ಮುಗಿದು, ಹೊತ್ತು ತಂದ ಹೆಣಗಳ ಲೆಕ್ಕ ನೋಡಿದ ಮೇಲೆ, ಅವರು 1947ರಲ್ಲಿ ಹೈಸ್ಕೂಲಿನ ಮಕ್ಕಳನ್ನು ಒಂದು ದೇಶದಿಂದ ಇನ್ನೊಂದು ದೇಶದ ಮನೆಗಳಿಗೆ ಕಳಿಸಲು ಶುರುಮಾಡಿದರು. ಹೋಟೆಲಿಗಲ್ಲ, ಹಾಸ್ಟೆಲಿಗಲ್ಲ, ಮನೆಗೆ. ಒಬ್ಬರ ಅಡುಗೆಮನೆಯಲ್ಲಿ ಉಂಡು, ಅವರ ಮಕ್ಕಳ ಜೊತೆ ಮಲಗಿ ಎದ್ದವನು ನಾಳೆ ಅವರ ಮೇಲೆ ಬಂದೂಕು ಎತ್ತಲಾರ ಎಂಬ ನಂಬಿಕೆ ಅದರ ಹಿಂದೆ ಇತ್ತು. ಇದು ಸಣ್ಣ ಮಾತಲ್ಲ. ಈ ಮಾತಿಗೆ ನಾನು ತಲೆಬಾಗುತ್ತೇನೆ. ನಮ್ಮ ಹೋಬಳಿಗೆ ಬೇಕಾದದ್ದೂ ಇದೇ. ಆದರೆ ನಮ್ಮಲ್ಲಿಗೆ ಬರುವ ಹೊತ್ತಿಗೆ ಆ ವಿಚಾರವನ್ನು ಉಳ್ಳವರು ತಮ್ಮ ಮಕ್ಕಳ ಅರ್ಜಿಗೆ ಹಚ್ಚುವ ಬಣ್ಣ ಮಾಡಿಕೊಂಡರು.

ರೋಟರಿ ಸಂಸ್ಥೆಯದ್ದೂ ಒಂದು ವಿನಿಮಯವಿದೆ, ಬಹಳ ಹಳೆಯದು. ಉಳಿದುಕೊಳ್ಳಲು, ಉಣ್ಣಲು ಅಲ್ಲಿಯ ಮನೆಯವರು ದುಡ್ಡು ಕೇಳುವುದಿಲ್ಲ. ವಿಮಾನದ ಟಿಕೆಟು, ವಿಮೆ, ವೀಸಾ, ಕೈಖರ್ಚು ಮಾತ್ರ ನಮ್ಮದು. ಈ 'ಮಾತ್ರ' ಎಷ್ಟು ಅಂತ ಒಂದೇ ಒಂದು ಬಾಬ್ತು ನೋಡೋಣ. ಅಮೆರಿಕಕ್ಕೆ ಹೋಗುವ ವಿನಿಮಯ ವಿದ್ಯಾರ್ಥಿಯ ವೀಸಾ ಅರ್ಜಿಗೆ 185 ಡಾಲರು. ವೀಸಾ ಸಿಗದಿದ್ದರೂ ವಾಪಸ್ಸಿಲ್ಲ. 2025-26ರಲ್ಲಿ ನಮ್ಮ ರಾಜ್ಯದ ನರೇಗಾ ಕೂಲಿ ದಿನಕ್ಕೆ 370 ರೂಪಾಯಿ ಇತ್ತು. ಆ ಲೆಕ್ಕದಲ್ಲಿ ಒಂದು ಅರ್ಜಿಗೆ ಒಬ್ಬ ತಾಯಿ ನಲವತ್ತು ದಿನಕ್ಕೂ ಮೇಲೆ ಬದು ಕಡಿಯಬೇಕು, ಕೆಲಸ ಕೊಟ್ಟರೆ, ಕೂಲಿ ಬಂದರೆ. ಇದಿನ್ನೂ ಅರ್ಜಿಯ ಮಾತು. ವಿಮಾನ ಇನ್ನೂ ನೆಲದ ಮೇಲೇ ನಿಂತಿದೆ.

ದುಡ್ಡಿಗಿಂತ ದೊಡ್ಡದು ಇನ್ನೊಂದಿದೆ. ನಿಮ್ಮ ಮಗು ಅಲ್ಲಿಗೆ ಹೋದರೆ ಅಲ್ಲಿಯ ಮಗು ನಿಮ್ಮೂರಿಗೆ ಬರಬೇಕು, ಯಾರದಾದರೂ ಮನೆಯಲ್ಲಿ ಇರಬೇಕು. ಆ ಮನೆ ಹೇಗಿರಬೇಕು? ಅಮೆರಿಕ ಸರ್ಕಾರ ತನ್ನ ನೆಲದ ಆತಿಥೇಯ ಮನೆಗಳಿಗೆ ಮಾಡಿರುವ ನಿಯಮ ಓದಿದೆ. ಅತಿಥಿ ವಿದ್ಯಾರ್ಥಿಗೆ ಅವನದೇ ಒಂದು ಮಂಚ ಇರಬೇಕು. ಮಡಿಚಿಡುವ ಸೋಫಾ ಆಗಬಾರದು, ಗಾಳಿ ತುಂಬುವ ಹಾಸಿಗೆಯೂ ಆಗಬಾರದು. ಮನೆಯ ಹೊರಗಿನ ಫೋಟೊ, ಅಡುಗೆಮನೆಯ ಫೋಟೊ, ಮಲಗುವ ಕೋಣೆಯದು, ಬಚ್ಚಲುಮನೆಯದು, ಎಲ್ಲ ಲಗತ್ತಿಸಬೇಕು. ಮಗುವಿನ ಕ್ಷೇಮಕ್ಕೆ ಮಾಡಿದ ನಿಯಮ, ತಪ್ಪು ಹುಡುಕುತ್ತಿಲ್ಲ. ಇದನ್ನು ಓದಿದ ಮೇಲೆ ನಮ್ಮ ಕೇರಿಯ ಜನತಾ ಮನೆಗಳನ್ನು ಒಂದೊಂದಾಗಿ ನೋಡುತ್ತಾ ಹೋದೆ. ಒಂದು ಪಡಸಾಲೆ, ಅದರಲ್ಲೇ ಒಲೆ, ಅದರಲ್ಲೇ ರಾಗಿ ಮೂಟೆ, ಅದರಲ್ಲೇ ಐದು ಜನ. ಬಚ್ಚಲು ಅಂದರೆ ಹಿಂದುಗಡೆ ನಾಲ್ಕು ಚಪ್ಪಡಿ, ಸುತ್ತ ಸೀರೆ. ಯಾವುದರ ಫೋಟೊ ಕಳಿಸೋಣ? ವಿನಿಮಯಕ್ಕೆ ಬೇಕಾದ ಮೊದಲ ಅರ್ಹತೆ ಬುದ್ಧಿ ಅಲ್ಲ, ಇಂಗ್ಲಿಷೂ ಅಲ್ಲ. ಒಂದು ಖಾಲಿ ಕೋಣೆ.

ಇಷ್ಟು ಹೇಳಿದರೆ ಸಾಕು, ಬೆಂಗಳೂರಿನ ಒಬ್ಬ ಸಜ್ಜನರು ಕೈ ಎತ್ತುತ್ತಾರೆ. "ಪೂರ್ತಿ ಖರ್ಚು ಕೊಡೋ ಸ್ಕಾಲರ್‌ಶಿಪ್ಪೂ ಇದೆಯಲ್ಲ ಸಾರ್?" ಇದೆ. ಅಮೆರಿಕ 2002ರಲ್ಲಿ, ಅವಳಿ ಗೋಪುರ ಉರುಳಿದ ಮರುವರ್ಷ, ಕೆನಡಿ-ಲೂಗರ್ ಹೆಸರಿನಲ್ಲಿ 'ಯೆಸ್' ಎಂಬ ಕಾರ್ಯಕ್ರಮ ಶುರುಮಾಡಿತು. ಮುಸ್ಲಿಂ ಜನಸಂಖ್ಯೆ ಹೆಚ್ಚಿರುವ ದೇಶಗಳ ಹೈಸ್ಕೂಲು ಮಕ್ಕಳು ಒಂದು ವರ್ಷ ಅಮೆರಿಕದ ಮನೆಗಳಲ್ಲಿದ್ದು ಓದಬಹುದು, ಭಾರತವೂ ಆ ಪಟ್ಟಿಗೆ ಸೇರಿತು. ಜಪಾನಿನವರು 2014ರಿಂದ ಸಕುರಾ ಎಂಬ ವಿಜ್ಞಾನ ವಿನಿಮಯ ನಡೆಸುತ್ತಿದ್ದಾರೆ, ಅದರಲ್ಲಿ ನಮ್ಮ ಸರ್ಕಾರಿ ಶಾಲೆ ಮಕ್ಕಳೂ ಹೋಗಿಬಂದದ್ದುಂಟು. ಆದರೆ ಈ ಬಾಗಿಲು ಇದೆ ಎಂಬ ಸುದ್ದಿ ಬುಕ್ಕಾಪಟ್ಟಣಕ್ಕೆ ಯಾರು ತಂದರು? ನಮ್ಮ ಶಾಲೆಯ ನೋಟಿಸ್ ಬೋರ್ಡಿನಲ್ಲಿ ಇರುವುದು ಮೊಟ್ಟೆ ಹಂಚಿಕೆಯ ವೇಳಾಪಟ್ಟಿ. ಸುದ್ದಿ ಬಂದರೂ ಪರೀಕ್ಷೆ ಇಂಗ್ಲಿಷು, ಸಂದರ್ಶನ ಇಂಗ್ಲಿಷು, 'ನಿನ್ನ ಬಗ್ಗೆ ಬರೆ' ಎಂಬ ಪ್ರಬಂಧ ಇಂಗ್ಲಿಷು. ಕನ್ನಡ ಮಾಧ್ಯಮದ ಮಗು ತನ್ನ ಬಗ್ಗೆ ಬರೆಯಬೇಕಾದರೆ ಮೊದಲು ತನ್ನ ಬದುಕಿನಲ್ಲಿ ಬರೆಯುವಂಥದ್ದು ಇದೆ ಅಂತ ಅದಕ್ಕೆ ಯಾರಾದರೂ ಹೇಳಿರಬೇಕು. ಹತ್ತು ವರ್ಷ 'ನನ್ನ ಮೆಚ್ಚಿನ ಹಬ್ಬ' ಬರೆಸಿದ್ದೇವೆ, ಅದೂ ಗೈಡ್ ನೋಡಿ.

ಮೊದಲಿಗೆ ಹೇಳಿದಂಥದ್ದೊಂದು ಪುರವಣಿ ಬರಹವನ್ನು ಒಂದು ಸಂಜೆ ಹಾಸ್ಟೆಲಿನ ಮಕ್ಕಳಿಗೆ ಓದಿ ಹೇಳಿದೆ. ಹೊಟ್ಟೆಕಿಚ್ಚು ಪಡಲಿ ಅಂತಲ್ಲ, ಕನಸು ಕಾಣಲಿ ಅಂತ. ಮಂಜು, ರೈಲು, ಶಾಲೆಯ ಈಜುಕೊಳ ಎಲ್ಲ ಕಣ್ಣರಳಿಸಿ ಕೇಳಿದರು. ಹುಡುಗಿ ಅಲ್ಲಿಯ ಮನೆಯಾಕೆಯ ಜೊತೆ ಅಡುಗೆಮನೆಯಲ್ಲಿ ರೊಟ್ಟಿ ಬೇಯಿಸಿದ ಭಾಗ ಬಂದಾಗ ಒಂಬತ್ತನೇ ತರಗತಿಯ ಒಬ್ಬಳು ತಡೆದಳು.

"ಸಾರ್, ಅಡುಗೆಮನೆ ಒಳಕ್ಕೇ ಬಿಟ್ಕಂಡ್ರಾ?"

"ಹೂಂ ಕಣಮ್ಮ, ಬಿಟ್ಕಂಡ್ರು."

"ಅವ್ರು ಇವಳನ್ನ ಯಾವ್ ಜನ ಅಂತ ಕೇಳ್ಲಿಲ್ವಾ ಸಾರ್?"

ಬೇರೆ ಮಕ್ಕಳು ಯಾರೂ ನಗಲಿಲ್ಲ. ಅವರಿಗೂ ಅದೇ ಅನುಮಾನ ಇತ್ತು. ಈಜುಕೊಳ ನಂಬಬಹುದು, ಮಂಜನ್ನೂ ನಂಬಬಹುದು. ಗುರುತು ಪರಿಚಯ ಇಲ್ಲದವಳನ್ನು ಜಾತಿ ಕೇಳದೆ ಅಡುಗೆಮನೆಗೆ ಬಿಟ್ಟುಕೊಂಡರು ಅನ್ನುವುದನ್ನು ಮಾತ್ರ ಅವರು ನಂಬಲಾರದೆ ಹೋದರು. ಪ್ರಶ್ನೆ ಕೇಳಿದ ಹುಡುಗಿಯ ಮನೆಯಿಂದ ಊರ ಅಂಗಳಕ್ಕೆ ಕೂಗಿದರೆ ಕೇಳುವಷ್ಟು ದೂರ. ಅಷ್ಟು ದೂರದ ಯಾವ ಅಡುಗೆಮನೆಯನ್ನೂ ಅವಳು ನೋಡಿಲ್ಲ. ಕೆಲಸಕ್ಕೆ ಹೋದರೂ ಹಿತ್ತಿಲ ಬಾಗಿಲ ತನಕ. ನೀರು ಮೇಲಿನಿಂದ ಬೊಗಸೆಗೆ.

ಪುರಾವೆ ಬೇಕು ಅನ್ನುವವರಿಗೆ ನಮ್ಮ ಸೀಮೆಯಲ್ಲೇ ಪುರಾವೆ ಇದೆ. 2019ರ ಸೆಪ್ಟೆಂಬರಿನಲ್ಲಿ ಚಿತ್ರದುರ್ಗದ ಆಗಿನ ಸಂಸದ ಎ. ನಾರಾಯಣಸ್ವಾಮಿ ಪಾವಗಡ ತಾಲ್ಲೂಕಿನ ಪೆಮ್ಮನಹಳ್ಳಿ ಗೊಲ್ಲರಹಟ್ಟಿಗೆ ಹೋದರು. ಶಿರಾ, ಪಾವಗಡ ಎರಡೂ ಆಗ ಅವರ ಕ್ಷೇತ್ರವೇ. ಹಟ್ಟಿಯ ಜನಕ್ಕೆ ಸೌಕರ್ಯ ಮಾಡಿಕೊಡುವ ಮಾತಾಡಲು, ವೈದ್ಯರ ತಂಡವನ್ನೂ ಕರೆದುಕೊಂಡು ಹೋಗಿದ್ದರು. ಪರಿಶಿಷ್ಟ ಜಾತಿಯವರು ಎಂಬ ಕಾರಣಕ್ಕೆ ಅವರನ್ನು ಹಟ್ಟಿಯ ಒಳಕ್ಕೆ ಬಿಡಲಿಲ್ಲ. ಲಕ್ಷಗಟ್ಟಲೆ ಓಟು ಪಡೆದು ದೆಹಲಿಯ ಪಾರ್ಲಿಮೆಂಟಿನ ಒಳಗೆ ಹೋದ ಮನುಷ್ಯ, ತನ್ನದೇ ಮತದಾರರ ಹಟ್ಟಿಯ ಹೊರಗೆ ಕುರ್ಚಿ ಹಾಕಿಸಿಕೊಂಡು ಕೂತು ವಾಪಸ್ಸು ಬಂದರು. ಪಾಸ್‌ಪೋರ್ಟು, ವೀಸಾ ತೋರಿಸಿದರೆ ಜರ್ಮನಿಯ ಗಡಿ ತೆರೆಯುತ್ತದೆ. ಈ ಗಡಿಗೆ ಯಾವ ಕಾಗದ ತೋರಿಸಬೇಕೋ ಇನ್ನೂ ಯಾವ ಕಚೇರಿಯಲ್ಲೂ ಅಚ್ಚಾಗಿಲ್ಲ.

ಹಾಗಂತ ಗೊಲ್ಲರಹಟ್ಟಿಯವರನ್ನು ಬೈದು ಕೈ ತೊಳೆದುಕೊಳ್ಳುವುದು ಬೆಂಗಳೂರಿನವರಿಗೆ ಬಲು ಸುಲಭ. ಕಾಡುಗೊಲ್ಲರು ತಾವೇ ಬಡವರು, ಪರಿಶಿಷ್ಟ ಪಂಗಡಕ್ಕೆ ಸೇರಿಸಿ ಎಂದು ವರ್ಷಗಟ್ಟಲೆ ಕೇಳುತ್ತಿರುವವರು. ಅವರ ಮುಳ್ಳುಬೇಲಿ ಕಣ್ಣಿಗೆ ಕಾಣುತ್ತದೆ. 'ಸಸ್ಯಾಹಾರಿಗಳಿಗೆ ಮಾತ್ರ' ಎಂದು ಬೋರ್ಡು ಹಾಕಿದ ಬಾಡಿಗೆ ಮನೆಯ ಬೇಲಿ ಕಾಣುವುದಿಲ್ಲ, ಅಷ್ಟೇ ವ್ಯತ್ಯಾಸ. ಆ ಮುಳ್ಳುಬೇಲಿ ಮೊದಲು ಚುಚ್ಚುವುದೂ ಹಟ್ಟಿಯ ಹೆಣ್ಣುಮಕ್ಕಳನ್ನೇ. ಮುಟ್ಟಾದರೆ ಹೊರಗೆ, ಹೆತ್ತರೆ ಹೊರಗೆ. 2023ರ ಜುಲೈನಲ್ಲಿ ತುಮಕೂರು ತಾಲ್ಲೂಕಿನ ಮಲ್ಲೇನಹಳ್ಳಿ ಗೊಲ್ಲರಹಟ್ಟಿಯಲ್ಲಿ ಬಾಣಂತಿಯನ್ನೂ ಎಳೆಗೂಸನ್ನೂ ಹಟ್ಟಿಯ ಹೊರಗಿನ ಗುಡಿಸಲಿನಲ್ಲಿಟ್ಟರು. ಮಳೆ, ಚಳಿ. ಕೂಸು ಉಳಿಯಲಿಲ್ಲ. ತಿಂಗಳು ತಿಂಗಳೂ ಮನೆ ಬಿಟ್ಟು ಹೋಗಿ ಹೊರಗೆ ಮಲಗುವ ಹದಿನೈದರ ಹುಡುಗಿಗೆ ನೀವು ಮನೆ ಬಿಟ್ಟಿರುವ ತರಬೇತಿ ಕೊಡಬೇಕಾಗಿಲ್ಲ. ಅವಳಿಗೆ ಬೇಕಾಗಿರುವುದು ಮನೆಯೊಳಗೆ ಇರುವ ಹಕ್ಕು.

ಆ ಸಂಸದರ ಕಥೆ ಅಲ್ಲಿಗೇ ನಿಲ್ಲುವುದಿಲ್ಲ. ಅವರು 2021ರ ಜುಲೈನಲ್ಲಿ ಕೇಂದ್ರದ ಸಾಮಾಜಿಕ ನ್ಯಾಯ ಖಾತೆಯ ರಾಜ್ಯ ಸಚಿವರಾದರು. ಪರಿಶಿಷ್ಟ ಜಾತಿಯ ಮಕ್ಕಳನ್ನು ವಿದೇಶಕ್ಕೆ ಓದಲು ಕಳಿಸುವ ರಾಷ್ಟ್ರೀಯ ಸಾಗರೋತ್ತರ ವಿದ್ಯಾರ್ಥಿವೇತನ ಆ ಖಾತೆಯದ್ದೇ. 1950ರ ದಶಕದಿಂದ ಇರುವ ಯೋಜನೆ. ಅದೇ ಖಾತೆ 2022ರ ಫೆಬ್ರವರಿಯಲ್ಲಿ ನಿಯಮ ತಿದ್ದಿತು: ಭಾರತದ ಸಂಸ್ಕೃತಿ, ಪರಂಪರೆ, ಇತಿಹಾಸ, ಸಮಾಜದ ಬಗ್ಗೆ ಓದಲು ವಿದೇಶಕ್ಕೆ ಹೋಗುವವರಿಗೆ ಈ ದುಡ್ಡು ಇಲ್ಲ. ಅಂದರೆ, ಹೋಗು, ಎಂಜಿನಿಯರಾಗು, ಆದರೆ ನಿನ್ನನ್ನು ಹಟ್ಟಿಯ ಹೊರಗೆ ಕೂರಿಸಿದ್ದು ಯಾಕೆ ಅಂತ ಮಾತ್ರ ಅಲ್ಲಿ ಕೂತು ಕೇಳಬೇಡ. 1913ರಲ್ಲಿ ಬರೋಡದ ಮಹಾರಾಜರ ವಿದ್ಯಾರ್ಥಿವೇತನದಲ್ಲಿ ಕೊಲಂಬಿಯಾಕ್ಕೆ ಹೋದ ಭೀಮರಾವ್ ಅಲ್ಲಿ ಅದನ್ನೇ ಕೇಳಿದ. 1916ರಲ್ಲಿ ಅಲ್ಲಿಯ ವಿಚಾರಗೋಷ್ಠಿಯಲ್ಲಿ ಭಾರತದ ಜಾತಿಗಳ ಹುಟ್ಟಿನ ಬಗ್ಗೆ ಪ್ರಬಂಧ ಓದಿದ. ಅರಸ ದುಡ್ಡು ಕೊಟ್ಟ, ಗಣರಾಜ್ಯ ಕೊಡುವುದಿಲ್ಲ ಅನ್ನುತ್ತಿದೆ. ದಾಟಿ ಹೋದವನು ಹಿಂದಿರುಗಿ ನೋಡಿದರೆ ಊರು ಹೇಗೆ ಕಾಣುತ್ತದೆ ಅನ್ನುವ ಭಯ ಇವರಿಗೆ.

ಪಾಸ್‌ಪೋರ್ಟಿನ ಬಣ್ಣದ ವಿಷಯವನ್ನೂ ಇಲ್ಲೇ ಹೇಳಿಬಿಡುತ್ತೇನೆ. 2018ರ ಜನವರಿಯಲ್ಲಿ ಕೇಂದ್ರ ಸರ್ಕಾರ ಹತ್ತನೇ ತರಗತಿ ಪಾಸಾಗದೆ ಕೂಲಿಗಾಗಿ ಹೊರದೇಶಕ್ಕೆ ಹೋಗುವಂಥವರಿಗೆ ಕಿತ್ತಳೆ ಬಣ್ಣದ ಪಾಸ್‌ಪೋರ್ಟು ಕೊಡುತ್ತೇವೆ ಎಂದು ಸಾರಿತು. ಬೈಗುಳ ಬಿದ್ದ ಮೇಲೆ ಅದೇ ತಿಂಗಳು ಹಿಂದಕ್ಕೆ ತೆಗೆದುಕೊಂಡಿತು. ಹಿಂದಕ್ಕೆ ತೆಗೆದುಕೊಂಡದ್ದು ಬಣ್ಣವನ್ನು. ಹಾಗೆ ಬೇರೆಮಾಡಿ ನೋಡುವ ಕಣ್ಣನ್ನಲ್ಲ.

'ಆಗುವುದಿಲ್ಲ, ಬಡ ಮಕ್ಕಳಿಗೆ ಈ ವಿದೇಶ ಯಾತ್ರೆಯೆಲ್ಲ ಹೊಂದುವುದಿಲ್ಲ' ಅನ್ನುವ ಅಧಿಕಾರಿಗಳಿಗೆ ನಾನು ದೂರದ ಉದಾಹರಣೆ ಕೊಡುವುದಿಲ್ಲ. ಶಿರಾದಿಂದ ಮಡಕಶಿರಾ ಕಡೆಗೆ ಹೊರಟರೆ ಆಂಧ್ರ. ಅದೇ ಬರ, ಅದೇ ಕಡ್ಲೆಕಾಯಿ, ಅದೇ ಫ್ಲೋರೈಡು ನೀರು. ಆ ರಾಜ್ಯದ ಸರ್ಕಾರ 2023ರ ಸೆಪ್ಟೆಂಬರಿನಲ್ಲಿ ಸರ್ಕಾರಿ ಶಾಲೆಗಳ ಹತ್ತು ಮಕ್ಕಳನ್ನು ಆರಿಸಿ ಅಮೆರಿಕಕ್ಕೆ, ವಿಶ್ವಸಂಸ್ಥೆಯ ಕಟ್ಟಡಕ್ಕೆ ಕಳಿಸಿತು. ಅದರಲ್ಲಿ ರಾಜಕೀಯ ಪ್ರಚಾರವೂ ಇತ್ತು ಅನ್ನಿ, ಇರಲಿ. ಪ್ರಚಾರಕ್ಕಾದರೂ ಮಕ್ಕಳು ಹೋದರಲ್ಲ. ತೆಲಂಗಾಣದ ಸಮಾಜ ಕಲ್ಯಾಣ ವಸತಿ ಶಾಲೆಗಳ ಮಕ್ಕಳು ನಾನು ಮೇಲೆ ಹೇಳಿದ ಅದೇ 'ಯೆಸ್' ಪರೀಕ್ಷೆ ಗೆದ್ದು ಅಮೆರಿಕದ ಮನೆಗಳಲ್ಲಿ ವರ್ಷ ಕಳೆದು ಬಂದಿದ್ದಾರೆ. ಅಂಥದ್ದೇ ಶಾಲೆಯ ಮಾಲಾವತ್ ಪೂರ್ಣ ಎಂಬ ಲಂಬಾಣಿ ಹುಡುಗಿ 2014ರ ಮೇ 25ರಂದು ಎವರೆಸ್ಟ್ ಹತ್ತಿದಳು. ಅವಳಿಗಿನ್ನೂ ಹದಿಮೂರು ವರ್ಷ. ನೇಪಾಳದ ಕಡೆಯಿಂದ ಅಷ್ಟು ಸಣ್ಣವರನ್ನು ಬಿಡುವುದಿಲ್ಲವೆಂದು ಟಿಬೆಟಿನ ಕಡೆಯಿಂದ ಹತ್ತಿಸಿದರು. ಜೊತೆಗೆ ಹೋದ ಆನಂದ್ ಕುಮಾರ್ ದಲಿತ ಹುಡುಗ, ಹದಿನಾರು ವರ್ಷ. ಅವರ ಹಿಂದೆ ಇದ್ದದ್ದು ಪ್ರವೀಣ್ ಕುಮಾರ್ ಎಂಬ ಪೊಲೀಸ್ ಅಧಿಕಾರಿ. ಹಾಸ್ಟೆಲು ಅಂದರೆ ಅನ್ನ ಹಾಕುವ ಜಾಗ ಮಾತ್ರವಲ್ಲ ಎಂದು ನಂಬಿದ ಒಬ್ಬನೇ ಮನುಷ್ಯ ಸಾಕಾಯಿತು.

ನಮ್ಮ ರಾಜ್ಯದಲ್ಲಿ ಮೊರಾರ್ಜಿ, ಚೆನ್ನಮ್ಮ, ಅಂಬೇಡ್ಕರ್ ಹೆಸರಿನ ವಸತಿ ಶಾಲೆಗಳು ಎಂಟುನೂರಕ್ಕೂ ಮೇಲಿವೆ. ಕಟ್ಟಡಗಳು ದೊಡ್ಡವು, ಕಾಂಪೌಂಡು ಇನ್ನೂ ದೊಡ್ಡದು. ಪದವಿ, ಸ್ನಾತಕೋತ್ತರ ಓದಿಗೆ ವಿದೇಶಕ್ಕೆ ಹೋಗುವವರಿಗೆ 'ಪ್ರಬುದ್ಧ' ಎಂಬ ಯೋಜನೆ ಇದೆ. ಅಲ್ಲಿಗೆ ತಲುಪುವ ಮೊದಲೇ ಕುರಿ ಹಿಂದೆಯೋ ಗಾರ್ಮೆಂಟ್ಸಿಗೋ ಹೋಗಿಬಿಡುವವರಿಗೆ ಅದರಿಂದ ಏನು ಬಂತು? ದುಡ್ಡಿಲ್ಲ ಎಂಬ ಮಾತು ಮಾತ್ರ ನನ್ನ ಮುಂದೆ ಆಡಬೇಡಿ. 2013ರಲ್ಲಿ ಇದೇ ರಾಜ್ಯ ಕಾನೂನು ಮಾಡಿತು, ಪರಿಶಿಷ್ಟರ ಜನಸಂಖ್ಯೆ ಎಷ್ಟೋ ಅಷ್ಟು ಪಾಲು ಬಜೆಟ್ಟಿನಲ್ಲಿ ಅವರಿಗೆ, ಶೇಕಡಾ 24.1. ಅದೇ ಕಾನೂನಿನ ದುಡ್ಡಿನಿಂದ 2023-24ರಲ್ಲಿ 11,144 ಕೋಟಿ ರೂಪಾಯಿಯನ್ನು ಎಲ್ಲರಿಗೂ ಕೊಡುವ ಗ್ಯಾರಂಟಿಗಳ ಲೆಕ್ಕಕ್ಕೆ ಬರೆದರು. ಗ್ಯಾರಂಟಿ ಬೇಡವೆಂದು ನಾನು ಹೇಳುವುದಿಲ್ಲ. ನಮ್ಮ ಅವ್ವಂದಿರೂ ಬಿಟ್ಟಿ ಬಸ್ಸಿನಲ್ಲಿ ಶಿರಾ ಸಂತೆಗೆ ಹೋಗುತ್ತಾರೆ, ಚೆನ್ನಾಗಿದೆ. ಎಲ್ಲರ ಬಸ್ಸಿಗೆ ಎಲ್ಲರ ಖಜಾನೆಯಿಂದ ಕೊಡಿ. ಕೇರಿಯ ಮಗುವಿನ ವಿಮಾನದ ದುಡ್ಡನ್ನು ಅದಕ್ಕೆ ಹಾಕಬೇಡಿ.

ಇನ್ನೊಂದನ್ನು ಮರೆತರೆ ತಪ್ಪಾದೀತು. ಮಕ್ಕಳನ್ನು ಅದಲುಬದಲು ಮಾಡಿ ಕಳಿಸುವುದು ಸರ್ಕಾರಕ್ಕೆ ಗೊತ್ತಿಲ್ಲದ ವಿದ್ಯೆ ಏನಲ್ಲ. ನವೋದಯ ಶಾಲೆಗಳಲ್ಲಿ ಒಂಬತ್ತನೇ ತರಗತಿಯ ಶೇಕಡಾ ಮೂವತ್ತು ಮಕ್ಕಳು ಒಂದು ವರ್ಷ ಹಿಂದಿ ಸೀಮೆಗೆ ಹೋಗುತ್ತಾರೆ, ಅಲ್ಲಿಯವರು ಇಲ್ಲಿಗೆ ಬರುತ್ತಾರೆ. ಹೆಚ್ಚಿನವರು ಹಳ್ಳಿ ಮಕ್ಕಳು. ಹೋಗಿ ಬಂದವರನ್ನು ಮಾತಾಡಿಸಿ ನೋಡಿ. ಅಲ್ಲಿಯ ಚಳಿ, ಅಲ್ಲಿಯ ರೊಟ್ಟಿ, ಅಲ್ಲಿ ಬಿದ್ದ ಜಗಳ, ಹುಟ್ಟಿದ ಸ್ನೇಹ, ಎಲ್ಲವನ್ನೂ ಇವತ್ತು ನಿನ್ನೆಯದೆಂಬಂತೆ ಹೇಳುತ್ತಾರೆ. ಅವರು ಯಾವ ಪುರವಣಿಗೂ ಬರೆದವರಲ್ಲ.

ಈಗ ಎದುರು ದಿಕ್ಕಿನ ಪ್ರಯಾಣಿಕರ ಬಗ್ಗೆ. ಬೇಸಿಗೆಯಲ್ಲಿ ಅಮೆರಿಕದಿಂದ ನಮ್ಮವರ ಮಕ್ಕಳು ಬರುತ್ತಾರೆ. ಅಜ್ಜಿ ಮನೆ ಬೆಂಗಳೂರಿನಲ್ಲಿ, 'ಅನುಭವ' ಹಳ್ಳಿಯಲ್ಲಿ. ಯಾವುದಾದರೂ ಸರ್ಕಾರಿ ಶಾಲೆಗೆ ಬಂದು ಎರಡು ವಾರ ಇಂಗ್ಲಿಷ್ ಪದ್ಯ ಕಲಿಸಿ, ಗೋಡೆಗೆ ಚಿಟ್ಟೆ ಬರೆದು, ಮಕ್ಕಳ ಹೆಗಲ ಮೇಲೆ ಕೈ ಹಾಕಿ ಫೋಟೊ ತೆಗೆಸಿಕೊಂಡು ಹೋಗುತ್ತಾರೆ. ಪಾಪ, ಆ ಮಕ್ಕಳಲ್ಲೂ ಪ್ರೀತಿ ಇರುತ್ತದೆ. ಆದರೆ ಊಟ ಎಲ್ಲಿ? ಕಾರಿನಲ್ಲಿ ಬಂದ ಡಬ್ಬಿ. ನೀರು? ಕಾರಿನಲ್ಲಿ ಬಂದ ಬಾಟಲಿ. ರಾತ್ರಿ? ಹೆದ್ದಾರಿ ಪಕ್ಕದ ಎಸಿ ರೂಮು. ನಮ್ಮ ಮಕ್ಕಳು ಅವರ ಕಾಲೇಜು ಅರ್ಜಿಯಲ್ಲಿ ಸೇವೆಯ ಗಂಟೆಗಳಾಗಿ ಅಮೆರಿಕ ತಲುಪುತ್ತಾರೆ. ಹೆಸರಿಲ್ಲದೆ, ಬರೀ ಗಂಟೆಗಳಾಗಿ.

ಇಂಥದ್ದನ್ನೆಲ್ಲ ಯಾಕೆ ಬರೆಯುತ್ತೀಯ, ಬಂಡಾಯ ಮುಗಿದುಹೋದ ಕಥೆ ಅಂತ ನನ್ನ ಗೆಳೆಯರು ಕೆಲವರು ಹೇಳುತ್ತಾರೆ. ಬಂಡಾಯ ಸಾಹಿತ್ಯ ಸಂಘಟನೆ ಹುಟ್ಟಿದ್ದು 1979ರಲ್ಲಿ, ಅದನ್ನು ಕಟ್ಟಿದವರಲ್ಲಿ ಒಬ್ಬರಾದ ಬರಗೂರು ರಾಮಚಂದ್ರಪ್ಪ ಇದೇ ಶಿರಾ ತಾಲ್ಲೂಕಿನ ಬರಗೂರಿನವರು. ಅವತ್ತು ಕೇಳಿದ ಪ್ರಶ್ನೆಗೆ ಉತ್ತರ ಸಿಕ್ಕಿದ್ದರೆ ನಾವೂ ಪ್ರವಾಸ ಕಥನ ಬರೆದುಕೊಂಡು ಇರುತ್ತಿದ್ದೆವು. 2022ರ ಸೆಪ್ಟೆಂಬರಿನಲ್ಲಿ ಮಾಲೂರು ತಾಲ್ಲೂಕಿನ ಉಳ್ಳೇರಹಳ್ಳಿಯಲ್ಲಿ ಹದಿನೈದು ವರ್ಷದ ದಲಿತ ಹುಡುಗ ದೇವರ ಮೆರವಣಿಗೆಯ ಕೋಲು ಮುಟ್ಟಿದ. ಊರಿನವರು ಅವನ ಮನೆಗೆ 60,000 ರೂಪಾಯಿ ದಂಡ ಹಾಕಿದರು. ಆ ವಯಸ್ಸಿಗೇ ಇನ್ನೊಬ್ಬ ಹುಡುಗನಿಗೆ ಅವನಪ್ಪ ಲಕ್ಷಗಟ್ಟಲೆ ಕಟ್ಟಿ ಪರದೇಶದ ಇಗರ್ಜಿ, ಅರಮನೆ, ಗೋಪುರ ಎಲ್ಲ ಮುಟ್ಟಿಸಿಕೊಂಡು ಬರುತ್ತಾನೆ. ಇಬ್ಬರೂ ಒಂದೇ ರಾಜ್ಯದ ಹತ್ತನೇ ತರಗತಿಯ ವಯಸ್ಸಿನವರು. ಇಬ್ಬರ ಮನೆಯವರೂ ಮುಟ್ಟಿದ್ದಕ್ಕೆ ಲೆಕ್ಕ ಕೊಡಬೇಕಾಯಿತು, ನೋಡಿ.

ಅದೇ ಕೋಲಾರ ಜಿಲ್ಲೆಯಲ್ಲಿ ಅರಿವು ಭಾರತ ಎಂಬ ಸಂಘಟನೆಯವರು 'ಗೃಹಪ್ರವೇಶ' ಅಂತ ಮಾಡುತ್ತಿದ್ದಾರೆ. ದಲಿತರನ್ನು ಮೇಲ್ಜಾತಿಯವರ ಮನೆಯೊಳಕ್ಕೆ ಆ ಮನೆಯವರ ಕೈಯಿಂದಲೇ ಕರೆಸುವುದು, ಒಟ್ಟಿಗೆ ಕೂತು ಉಣ್ಣುವುದು. ಆಂಬುಲೆನ್ಸ್ ಚಾಲಕರು 1947ರಲ್ಲಿ ಕಂಡದ್ದು ಇದನ್ನೇ. ಒಂದು ಮಧ್ಯಾಹ್ನದ ಊಟಕ್ಕೆ ಅದನ್ನು ಬಿಡಬಾರದು, ರಾತ್ರಿ ಮಲಗುವ ತನಕ ಎಳೆಯಬೇಕು ಅನ್ನುವುದು ನನ್ನ ಹಟ.

ಆದ್ದರಿಂದ ನನ್ನದೂ ಒಂದು ವಿನಿಮಯ ಕಾರ್ಯಕ್ರಮ ಇದೆ. ಬುಕ್ಕಾಪಟ್ಟಣ ಹೋಬಳಿಗೆ ಮಾತ್ರ. ಹತ್ತನೇ ತರಗತಿ ಪರೀಕ್ಷೆ ಮುಗಿದ ಬೇಸಿಗೆ ರಜೆಯಲ್ಲಿ ಒಂದು ತಿಂಗಳು. ಊರಿನ ಹುಡುಗ ಕೇರಿಯ ಮನೆಯಲ್ಲಿ, ಕೇರಿಯ ಹುಡುಗಿ ಊರಿನ ಮನೆಯಲ್ಲಿ, ಹಟ್ಟಿಯವಳು ತಾಂಡಾದಲ್ಲಿ, ತಾಂಡಾದವನು ಸಾಬರ ಬೀದಿಯಲ್ಲಿ. ಮಂಚ ಬೇಕಿಲ್ಲ, ಚಾಪೆ ಆದೀತು. ಊಟ ಆ ಮನೆಯದ್ದೇ, ಅವರು ಉಂಡದ್ದು, ಅವರು ಉಂಡ ಜಾಗದಲ್ಲಿ. ನೀರು ಆ ಮನೆಯ ಕೊಡದಿಂದ ತಾನೇ ಬಗ್ಗಿಸಿಕೊಳ್ಳಬೇಕು. ಮುಟ್ಟಾದ ಹುಡುಗಿ ಒಳಗೇ ಮಲಗಬೇಕು. ಬೆಂಗಳೂರಿನವರು, ಅಮೆರಿಕದವರು ಬಂದರೆ ಸಂತೋಷ, ಇದೇ ನಿಯಮ. ವೀಸಾ ಇಲ್ಲ, ಶುಲ್ಕ ಇಲ್ಲ, ಇಂಗ್ಲಿಷ್ ಪರೀಕ್ಷೆ ಇಲ್ಲ. ಅರ್ಜಿ ನಮೂನೆಯನ್ನು ನಾನೇ ಕೈಯಲ್ಲಿ ಬರೆದು ಜೆರಾಕ್ಸ್ ಮಾಡಿಸುತ್ತೇನೆ, ನಾಡಕಚೇರಿಯ ಮುಂದೆ ಟೇಬಲ್ಲು ಹಾಕಿಕೊಂಡು ಕೂರುತ್ತೇನೆ. ಮೊದಲ ಅರ್ಜಿ ಬಡವರ ಮನೆಯಿಂದ ಬೇಡ. ಸ್ವಾತಂತ್ರ್ಯ ದಿನ ನಮ್ಮ ಶಾಲೆಗೆ ಬಂದು ಸಮಾನತೆಯ ಭಾಷಣ ಮಾಡಿದ ಪಂಚಾಯ್ತಿ ಸದಸ್ಯರು, ಗುತ್ತಿಗೆದಾರರು, ದಾನಿಗಳು, ಮೇಷ್ಟ್ರುಗಳು ತಮ್ಮ ಮಕ್ಕಳ ಹೆಸರು ಬರೆಸಲಿ, ಸಹಿ ಹಾಕಲಿ.